ಯಂತ್ರದ ಗುಮಾಸ್ತನಿಗೆ ಬರೆಯುವ ಚೀಟಿ

ಮನೆಯಿಂದ ಅಂಗಡಿಗೆ ಸಾಮಾನಿನ ಚೀಟಿ ಕಳುಹಿಸುವ ಪದ್ಧತಿ ನಮ್ಮಲ್ಲಿ ಬಹು ಹಿಂದಿನದು. ಚೀಟಿಯಲ್ಲಿ ‘ಬೇಳೆ 2’ ಎಂದಷ್ಟೇ ಇದ್ದರೂ ಪರಿಚಿತ ಅಂಗಡಿಯವನು ತಡವರಿಸುವುದಿಲ್ಲ. ಅದು ತೊಗರಿಬೇಳೆಯೆಂದೂ, ಎರಡು ಕಿಲೋ ಎಂದೂ, ನಿಮ್ಮ ಮನೆ ಯಾವ ಓಣಿಯಲ್ಲಿದೆಯೆಂದೂ ಅವನು ಬಲ್ಲನು. ಬರೆಯದೆ ಬಿಟ್ಟುದನ್ನು ಪರಿಚಯವೇ ತುಂಬಿಕೊಡುತ್ತದೆ. ಈಗ ಈ ಚೀಟಿಯನ್ನು ಒಯ್ಯಲು ಹೊಸ ಗುಮಾಸ್ತನೊಬ್ಬನು ಬಂದಿದ್ದಾನೆ. ಕೃತಕ ಬುದ್ಧಿಮತ್ತೆಯ ಏಜೆಂಟ್ ಎಂದು ಅವನ ಹೆಸರು. ಅವನಿಗೆ ಭಾಷೆ ಬಲು ಚೆನ್ನಾಗಿ ಬರುತ್ತದೆ. ಊರಿನ ಪರಿಚಯ ಮಾತ್ರ ಇಲ್ಲ.

ಈ ಗುಮಾಸ್ತನು ತಾನಾಗಿ ಅಂಗಡಿಯ ಲೆಕ್ಕಪುಸ್ತಕವನ್ನು ಮುಟ್ಟಲಾರ. ಸಾಮಾನು ಹುಡುಕಲು ಒಂದು, ಬೆಲೆ ಕೇಳಲು ಒಂದು, ಆರ್ಡರು ಕೊಡಲು ಮತ್ತೊಂದು ಎಂಬಂತೆ ಚಿಕ್ಕ ಚಿಕ್ಕ ತಂತ್ರಾಂಶ ಸಲಕರಣೆಗಳನ್ನು ಅವನ ಕೈಗೆ ಕೊಟ್ಟಿರುತ್ತಾರೆ. ಪ್ರತಿಯೊಂದಕ್ಕೂ ಒಂದು ಹೆಸರು, ಕೆಲವು ವಾಕ್ಯಗಳ ವಿವರಣೆ ಮತ್ತು ತುಂಬಬೇಕಾದ ಅಂಕಣಗಳ ಪಟ್ಟಿ ಇರುತ್ತವೆ. 2024ರ ನವೆಂಬರಿನಲ್ಲಿ ಆಂತ್ರೊಪಿಕ್ ಸಂಸ್ಥೆಯು ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ ಈ ಕ್ರಮಕ್ಕೆ ಒಂದು ಸಾಮಾನ್ಯ ರೂಪವನ್ನು ಕೊಟ್ಟಿತು. ಸಲಕರಣೆಯ ಒಳಗೇನಿದೆ ಎಂಬುದು ಗುಮಾಸ್ತನಿಗೆ ಕಾಣದು. ಅವನು ಓದುವುದು ವಿವರಣೆಯನ್ನೇ. ಆದುದರಿಂದ ವಿವರಣೆ ತಪ್ಪಿದರೆ ಕೆಲಸವೂ ತಪ್ಪುತ್ತದೆ.

ಇದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನಗಳುಂಟು. ಓಎನ್‌ಡಿಸಿ ಎಂಬ ಮುಕ್ತ ವಾಣಿಜ್ಯ ಜಾಲವು 2022ರ ಸೆಪ್ಟೆಂಬರ್ 30ರಂದು ಬೆಂಗಳೂರಿನ 16 ಪಿನ್‌ಕೋಡ್ ಪ್ರದೇಶಗಳಲ್ಲಿ ಸಾರ್ವಜನಿಕರಿಗೆ ಪ್ರಯೋಗಾರ್ಥವಾಗಿ ತೆರೆಯಿತು. ಅದಕ್ಕೆ ಆಧಾರವಾದ ಬೆಕ್ನ್ ನಿಯಮಾವಳಿಯಲ್ಲಿ ವ್ಯಾಪಾರದ ಹೆಜ್ಜೆಗೊಂದು ಆಜ್ಞೆ. ‘ಸರ್ಚ್’ ಎಂದರೆ ಹುಡುಕು. ‘ಸೆಲೆಕ್ಟ್’ ಎಂದರೆ ಆರಿಸಿ ಬೆಲೆ ಕೇಳು. ‘ಇನಿಟ್’ ಎಂದರೆ ವಿಳಾಸ ಕೊಟ್ಟು ಷರತ್ತುಗಳನ್ನು ತರಿಸು. ‘ಕನ್‌ಫರ್ಮ್’ ಎಂದರೆ ಆರ್ಡರನ್ನು ಖಚಿತಪಡಿಸು. ಮೊದಲ ಮೂರು ವಿಚಾರಣೆಯಷ್ಟೆ, ನಾಲ್ಕನೆಯದು ವಚನ. ಆಜ್ಞೆ ತಲುಪಿತೆಂಬ ರಸೀದಿ ಒಡನೆಯೇ ಬರುತ್ತದೆ, ಅಂಗಡಿಯ ನಿಜವಾದ ಉತ್ತರ ಬೇರೆಯಾಗಿ ಬರುತ್ತದೆ. ಈ ಭೇದವನ್ನು ವಿವರಣೆಯಲ್ಲಿ ಹೇಳದಿದ್ದರೆ, ರಸೀದಿಯನ್ನೇ ಒಪ್ಪಿಗೆಯೆಂದು ತಿಳಿದು ಗುಮಾಸ್ತನು ‘ಆರ್ಡರು ಆಯಿತು’ ಎಂದುಬಿಡಬಹುದು. ಉತ್ತರ ತಡವಾಯಿತೆಂದು ಅದೇ ಆರ್ಡರನ್ನು ಮತ್ತೊಮ್ಮೆ ಹೊಸದಾಗಿ ಕೊಟ್ಟರೆ, ಎರಡು ಚೀಲ, ಎರಡು ಬಿಲ್ಲು! ‘ಉತ್ತರ ಬಾರದಿದ್ದರೆ ಮೊದಲು ಸ್ಥಿತಿಯನ್ನು ವಿಚಾರಿಸು, ಹೊಸ ಆರ್ಡರು ಕೊಡಬೇಡ’ ಎಂಬೊಂದು ಸಾಲು ಈ ನಷ್ಟವನ್ನು ತಡೆಯಬಲ್ಲುದು.

ಅಳತೆಯ ವಿಷಯವೂ ಹೀಗೆಯೇ. ಬೆಂಗಳೂರಿನ ರೇಜರ್‌ಪೇ ಸಂಸ್ಥೆಯ ಪಾವತಿ ವ್ಯವಸ್ಥೆಯಲ್ಲಿ ಮೊತ್ತವನ್ನು ಪೈಸೆಯಲ್ಲಿ ಬರೆಯಬೇಕು; 500 ರೂಪಾಯಿಗೆ 50000 ಎಂದು. ಇದನ್ನು ತಿಳಿಯದೆ 500 ಎಂದು ಬರೆದರೆ ಸಂದಾಯವಾಗುವುದು ಐದೇ ರೂಪಾಯಿ. ‘ಪ್ರಮಾಣ 2’ ಎಂಬಲ್ಲಿಯೂ ಎರಡು ಕಿಲೋ ಎಂದೋ, ಅರ್ಧ ಕಿಲೋದ ಎರಡು ಪೊಟ್ಟಣವೆಂದೋ ಬಿಡಿಸಿ ಹೇಳಬೇಕು.

ಇನ್ನು ವಿಳಾಸ. ಬಸವಕಲ್ಯಾಣದಲ್ಲಿರುವ ನೀವು ಗೋರ್ಟಾ (ಬಿ)ಯಲ್ಲಿ ಒಬ್ಬರೇ ಇರುವ ತಾಯಿಗೆ ದಿನಸಿ ಕಳುಹಿಸಬೇಕಾಗಿದೆ ಎನ್ನೋಣ. ಆವರಣದೊಳಗಿನ ಅಕ್ಷರ ಅಲಂಕಾರಕ್ಕಾಗಿ ಬಂದುದಲ್ಲ. ಹಳೆಯ ಹೈದರಾಬಾದ್ ಸಂಸ್ಥಾನದ ಕಂದಾಯ ವಾಡಿಕೆಯಲ್ಲಿ ‘ಬಿ’ ಎಂದರೆ ಬುಜುರ್ಗ್, ಫಾರಸಿಯಲ್ಲಿ ದೊಡ್ಡದು. ‘ಕೆ’ ಎಂದರೆ ಖುರ್ದ್, ಚಿಕ್ಕದು. ಒಂದೇ ಹೆಸರಿನ ಊರುಗಳನ್ನು ಬೇರ್ಪಡಿಸಲು ಹುಟ್ಟಿದ ಗುರುತು ಇದು. ಬೀದರ ಜಿಲ್ಲೆಯವರಿಗೆ ಇದು ನಿತ್ಯದ ಮಾತು. ಗುಮಾಸ್ತನಿಗೆ ಕಸವಾಗಿ ಕಂಡು ಗುಡಿಸಿ ಹಾಕಬಹುದು. 1972ರಲ್ಲಿ ಬಂದ ಆರಂಕಿಯ ಪಿನ್‌ಕೋಡ್ ಕೂಡ ಇಲ್ಲಿ ಪೂರ್ಣ ರಕ್ಷಣೆ ಕೊಡದು. ಒಂದೇ ಸಂಖ್ಯೆಯಡಿಯಲ್ಲಿ ಹಲವು ಹಳ್ಳಿಗಳಿರುತ್ತವೆ. ‘ಊರಿನ ಹೆಸರನ್ನು ಆವರಣದ ಅಕ್ಷರದೊಡನೆ ಇದ್ದಂತೆಯೇ ಬರೆ, ಸಂದೇಹವಿದ್ದರೆ ಕೇಳು’ ಎಂದು ವಿವರಣೆಯಲ್ಲಿರಬೇಕು. ಇಲ್ಲದಿದ್ದರೆ ಬೈಕಿನಲ್ಲಿ ಸಾಮಾನು ಒಯ್ಯುವ ಹುಡುಗನ ಪೆಟ್ರೋಲು ವ್ಯರ್ಥ. ತಾಯಿ ಕತ್ತಲಾಗುವ ತನಕ ಬಾಗಿಲು ಕಾಯಬೇಕು.

ಒಳ್ಳೆಯ ವಿವರಣೆಯ ಲಕ್ಷಣ ಇಷ್ಟೆ: ಸಲಕರಣೆ ಏನು ಮಾಡುತ್ತದೆ, ಏನು ಮಾಡದು, ಯಾವಾಗ ಬಳಸಬೇಕು, ಯಾವ ಅಳತೆಯಲ್ಲಿ ತುಂಬಬೇಕು, ಮಾಡಿದ್ದನ್ನು ಹಿಂತೆಗೆಯಬಹುದೇ, ತಪ್ಪಿದರೆ ಮುಂದೇನು. ಇದನ್ನು ಬರೆಯುವವರು ಎಂಜಿನಿಯರುಗಳೇ ಆದರೂ, ಅಂಗಡಿಯವನನ್ನೂ ಸಾಮಾನು ತಲುಪಿಸುವವನನ್ನೂ ಕೇಳಿ ಬರೆದರೆ ಲೇಸು; ಊರಿನ ಪರಿಚಯವಿರುವುದು ಅವರಿಗೆ.

ನಿಮ್ಮ ಪಾಲಿನ ಕೆಲಸವೂ ಸ್ವಲ್ಪ ಉಂಟು. ಗುಮಾಸ್ತನಿಗೆ ‘ಹೂಂ’ ಎನ್ನುವ ಮೊದಲು ಸಾಮಾನು, ಅಳತೆ, ಮೊತ್ತ, ವಿಳಾಸ, ಈ ನಾಲ್ಕನ್ನೂ ಅವನಿಂದಲೇ ಓದಿಸಿ ಕೇಳಿರಿ. ಚೀಟಿ ಒಯ್ಯುವವನು ಯಾರೇ ಆಗಲಿ, ಹಣ ನಿಮ್ಮದು.