ದಾಳ ಹಿಡಿದು ಪಾತಾಳಕ್ಕೆ

ರಾತ್ರಿ ಹನ್ನೊಂದು ಗಂಟೆ. ಮನೆಮಂದಿಯೆಲ್ಲ ಮಲಗಿದ್ದಾರೆ. ಮೇಜಿನ ಮೇಲೆ ಒಂದು ದೀಪ. ಅದರ ಬೆಳಕಿನಲ್ಲಿ ಚೌಕುಳಿ ಗೆರೆಯ ಒಂದು ಕಾಗದ, ಒಂದು ಪೆನ್ಸಿಲು, ಒಂದು ನೋಟ್‌ಬುಕ್ಕು, ಬಗೆಬಗೆಯ ಮುಖಗಳುಳ್ಳ ಕೆಲವು ದಾಳಗಳು. ಕುರ್ಚಿಯಲ್ಲಿ ಕುಳಿತವನು ಒಬ್ಬನೇ. ಎದುರಾಳಿಯಿಲ್ಲ, ಪಣಕ್ಕಿಟ್ಟ ಹಣವಿಲ್ಲ. ಗೆದ್ದರೆ ಬೆನ್ನು ತಟ್ಟುವವರಿಲ್ಲ, ಸೋತರೆ ನಗುವವರೂ ಇಲ್ಲ. ಆದರೂ ಅವನ ಅಂಗೈ ಬೆವರಿದೆ. ಕೈಯಲ್ಲಿರುವ ದಾಳ ಹನ್ನೆರಡಕ್ಕಿಂತ ಕಡಮೆ ಬಿದ್ದರೆ, ಮೂರು ವಾರಗಳಿಂದ ಅವನು ಸಾಕಿ ಸಲಹಿದ ಮಲ್ಲನೆಂಬ ವೀರ ಸಾಯುತ್ತಾನೆ.

ಆ ಕುರ್ಚಿಯಲ್ಲಿ ಕುಳಿತಿದ್ದವನು ಈ ಲೇಖಕನೇ ಎಂದು ಮೊದಲೇ ಒಪ್ಪಿಕೊಂಡುಬಿಡುವುದು ಮೇಲು. ಸಂಸಾರವಂದಿಗನೊಬ್ಬ ನಟ್ಟಿರುಳಲ್ಲಿ ತನಗೆ ತಾನೇ ಬಲೆಯೊಡ್ಡಿ, ಅದರಲ್ಲಿ ತಾನೇ ಬೀಳುವ ಈ ಆಟ ಎಂಥ ಹುಚ್ಚು ಎಂದು ವಾಚಕರು ಕೇಳಿದರೆ ತಪ್ಪಿಲ್ಲ. ನನ್ನ ಮನೆಯಾಕೆಯೂ ಕೇಳಿದ್ದಾಳೆ.

ಒಬ್ಬರೇ ಕುಳಿತು ಆಡುವ ಆಟ ನಮಗೇನೂ ಹೊಸದಲ್ಲ. ತುಳುನಾಡಿನ ಚೆನ್ನೆಮಣೆಯಲ್ಲಿ ‘ಸೀತೆಯಾಟ’ವೆಂಬ ಒಂದು ಬಗೆಯುಂಟು, ಅಶೋಕವನದಲ್ಲಿ ದಿನ ನೂಕಲು ಸೀತಾದೇವಿ ತಾನೊಬ್ಬಳೇ ಅದನ್ನು ಆಡುತ್ತಿದ್ದಳೆಂದು ಹೇಳುತ್ತಾರೆ. ಆದರೆ ಅಲ್ಲಿ ಕಾಯಿಗಳು ಲೆಕ್ಕಕ್ಕೆ ತಕ್ಕಂತೆ ನಡೆಯುತ್ತವೆ. ಅದೃಷ್ಟದ ಮಾತಿಲ್ಲ, ಸಾವಿನ ಮಾತಂತೂ ಇಲ್ಲವೇ ಇಲ್ಲ. ನಾನು ಹೇಳಹೊರಟ ಆಟದ ಹುಟ್ಟೂರೂ ಬೇರೆ, ಜಾಯಮಾನವೂ ಬೇರೆ.

ಸೂತ್ರಧಾರನಿಲ್ಲದ ನಾಟಕ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಲೇಕ್ ಜಿನೀವ ಎಂಬುದೊಂದು ಪುಟ್ಟ ಊರು. ಅಲ್ಲಿಂದ ೧೯೭೪ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಹೊರಬಿದ್ದಿತು. ಪೆಟ್ಟಿಗೆಯೊಳಗೆ ಇದ್ದುದು ಮೂರು ಸಣ್ಣ ಪುಸ್ತಕಗಳು. ಮೊದಲ ಮುದ್ರಣ ಸಾವಿರ ಪ್ರತಿ. ಕರ್ತೃಗಳು ಇಬ್ಬರು: ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಗೈಗ್ಯಾಕ್ಸ್ ವಿಮಾ ಕಂಪನಿಯ ಕೆಲಸ ಹೋದ ಮೇಲೆ ಪಾದರಕ್ಷೆಗಳನ್ನು ದುರಸ್ತಿ ಮಾಡಿ ಸಂಸಾರ ಸಾಗಿಸುತ್ತಿದ್ದವರು. ಆರ್ನೆಸನ್ ಅವರು ಗೊಂಬೆ ಸೈನ್ಯಗಳ ಯುದ್ಧದಾಟವನ್ನು ಬದಿಗಿರಿಸಿ, ಒಬ್ಬೊಬ್ಬ ಆಟಗಾರನೂ ಒಬ್ಬೊಬ್ಬ ವೀರನಾಗಿ ಬ್ಲ್ಯಾಕ್‌ಮೂರ್ ಎಂಬ ಕಲ್ಪಿತ ಕೋಟೆಯ ನೆಲಮಾಳಿಗೆಗೆ ಇಳಿಯುವ ಬಗೆಯನ್ನು ತಮ್ಮ ಗೆಳೆಯರಲ್ಲಿ ರೂಢಿಸಿದ್ದರು.

ಆಟದ ಕ್ರಮ ಸರಳ. ಒಬ್ಬ ಸೂತ್ರಧಾರ. ಸುರಂಗಗಳ ನಕ್ಷೆ, ಅಲ್ಲಿ ಅಡಗಿರುವ ರಾಕ್ಷಸರು, ನಿಧಿ, ಬಲೆ ಎಲ್ಲವೂ ಅವನಿಗೆ ಮಾತ್ರ ಗೊತ್ತು. ಉಳಿದವರು ಯೋಧ, ಮಂತ್ರವಾದಿ, ಕಳ್ಳ ಮುಂತಾದ ಪಾತ್ರ ವಹಿಸಿ, “ನಾನು ಬಾಗಿಲಿಗೆ ಕಿವಿಯಿಡುತ್ತೇನೆ,” “ನಾನು ಗಳುವಿನಿಂದ ನೆಲ ತಟ್ಟುತ್ತೇನೆ” ಎಂದು ಬಾಯಲ್ಲಿ ಹೇಳುತ್ತಾರೆ. ಫಲವನ್ನು ದಾಳ ನಿರ್ಣಯಿಸುತ್ತದೆ. ನಮ್ಮ ಪಗಡೆಯ ದಾಳದಂತಲ್ಲ ಇವು. ನಾಲ್ಕು, ಆರು, ಎಂಟು, ಹನ್ನೆರಡು, ಇಪ್ಪತ್ತು ಮುಖಗಳುಳ್ಳವು. ರೇಖಾಗಣಿತ ಬಲ್ಲವರು ಈ ಐದು ಘನಾಕೃತಿಗಳನ್ನು ಪ್ಲೇಟೋವಿನ ಹೆಸರಿನಿಂದ ಗುರುತಿಸುತ್ತಾರೆ.

ಹೀಗೆ ನಾಲ್ಕಾರು ಜನ ಸೇರಿ ಆಡತಕ್ಕ ಆಟವನ್ನು ಒಬ್ಬನೇ ಆಡುವುದು ಹೇಗೆ? ಈ ಪ್ರಶ್ನೆ ಇಂದಿನದಲ್ಲ. ಆಟ ಹೊರಬಂದ ಮರುವರ್ಷವೇ, ೧೯೭೫ರ ವಸಂತದಲ್ಲಿ, ಅದರ ಪ್ರಕಾಶಕರು ಹೊರಡಿಸಿದ ‘ದಿ ಸ್ಟ್ರಾಟೀಜಿಕ್ ರಿವ್ಯೂ’ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಗೈಗ್ಯಾಕ್ಸ್ ಅವರೇ ಒಂಟಿ ಆಟಕ್ಕಾಗಿ ಕೋಷ್ಟಕಗಳನ್ನು ಪ್ರಕಟಿಸಿದರು. ಅವೇ ಬೆಳೆದು ೧೯೭೯ರ ‘ಡಂಜನ್ ಮಾಸ್ಟರ್ಸ್ ಗೈಡ್’ ಗ್ರಂಥದ ಮೊದಲನೆಯ ಅನುಬಂಧವಾದುವು. ಸುರಂಗದಲ್ಲಿ ಒಂದಿಷ್ಟು ದೂರ ನಡೆದು ಇಪ್ಪತ್ತು ಮುಖದ ದಾಳ ಎಸೆಯಬೇಕು. ಒಂದೋ ಎರಡೋ ಬಿದ್ದರೆ ದಾರಿ ನೆಟ್ಟಗೆ. ಮೂರರಿಂದ ಐದಾದರೆ ಬಾಗಿಲು. ಆರರಿಂದ ಹತ್ತಾದರೆ ಪಕ್ಕದ ಕವಲು. ಹದಿನೆಂಟಾದರೆ ಎದುರಿಗೆ ಗೋಡೆ. ಇಪ್ಪತ್ತಾದರೆ ಅಲೆದಾಡುವ ರಾಕ್ಷಸ. ನಕ್ಷೆ ಮೊದಲೇ ಇರುವುದಿಲ್ಲ. ಪಂಜಿನ ಬೆಳಕು ಬಿದ್ದಷ್ಟೇ ಹುಟ್ಟುತ್ತದೆ. ಕಾಗದದ ಮೇಲೆ ಗೆರೆ ಎಳೆಯುವ ಕೈಗೇ ಮುಂದಿನ ತಿರುವು ತಿಳಿಯದು.

ಇನ್ನೊಂದು ಮಾರ್ಗ ಅರಿಜೋನಾದಲ್ಲಿ ಹುಟ್ಟಿತು. ಕೆನ್ ಸೇಂಟ್ ಆಂಡ್ರೆ ಎಂಬವರು ೧೯೭೫ರಲ್ಲಿ ‘ಟನಲ್ಸ್ ಅಂಡ್ ಟ್ರೋಲ್ಸ್’ ಎಂಬ ಆಟ ರಚಿಸಿದರು. ಅದಕ್ಕಾಗಿ ೧೯೭೬ರಲ್ಲಿ ರಿಕ್ ಲೂಮಿಸ್ ಬರೆದ ‘ಬಫಲೋ ಕ್ಯಾಸಲ್’ ಒಬ್ಬನೇ ಓದುತ್ತ ಆಡುವ ಪುಸ್ತಕ. “ಎಡಗಡೆಯ ಬಾಗಿಲಾದರೆ ಇಂಥ ಕಂಡಿಕೆ ನೋಡು” ಎಂಬ ಧಾಟಿ. ೧೯೮೨ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಜ್ಯಾಕ್ಸನ್ ಮತ್ತು ಇಯಾನ್ ಲಿವಿಂಗ್‌ಸ್ಟನ್ ಅವರು ನಾನೂರು ಕಂಡಿಕೆಗಳ ‘ದಿ ವಾರ್‌ಲಾಕ್ ಆಫ್ ಫೈರ್‌ಟಾಪ್ ಮೌಂಟನ್’ ಪ್ರಕಟಿಸಿದ ಮೇಲಂತೂ ಈ ಬಗೆಯ ಪುಸ್ತಕಗಳು ಮಕ್ಕಳ ಕೈಯಲ್ಲಿ ಮನೆಮಾತಾದುವು. ಆ ಪುಟಗಳ ಸಂದಿಯಲ್ಲಿ ಬೆರಳಿಟ್ಟುಕೊಂಡು, ಮುಂದೆ ಸಾವಿದೆಯೇ ಎಂದು ಇಣುಕಿ ನೋಡಿ, ಇದ್ದರೆ ಬೆರಳಿದ್ದ ಪುಟಕ್ಕೆ ಸದ್ದಿಲ್ಲದೆ ಮರಳದ ಹುಡುಗನುಂಟೆ? ಆ ಬೆರಳಿನ ವಿಷಯಕ್ಕೆ ಮುಂದೆ ಬರುತ್ತೇನೆ.

ಕೋಷ್ಟಕಗಳು ದಾರಿಯನ್ನು ತೋರಿಸಬಲ್ಲವು. ಸೂತ್ರಧಾರನ ತಲೆಯನ್ನು ಕೊಡಲಾರವು. “ಈ ಗಾಬ್ಲಿನ್ನನಿಗೆ ನನ್ನ ಭಾಷೆ ಬರುತ್ತದೆಯೆ?” ಎಂದು ಯಾರನ್ನು ಕೇಳುವುದು? ೨೦೦೩ರಲ್ಲಿ ಬಂದ ‘ಮಿಥಿಕ್’ ಎಂಬ ಕೃತಿ ಇದಕ್ಕೆ ಒಂದು ಉಪಾಯ ಹೇಳಿತು. ಹೌದು ಅಥವಾ ಇಲ್ಲ ಎಂಬ ಉತ್ತರ ಬರುವಂತೆ ಪ್ರಶ್ನೆ ಕೇಳು. ಸಂಭವ ಎಷ್ಟೆಂದು ಮೊದಲೇ ಅಂದಾಜಿಸು. ಆಮೇಲೆ ದಾಳ ಎಸೆ. ದೇವರ ಮುಂದೆ ನಿಂತು ಹೂಪ್ರಸಾದ ಕೇಳುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಇಲ್ಲ. ಹೂ ಬಿದ್ದ ಮೇಲೆ ವಾದವಿಲ್ಲ.

ಐದು ಪ್ರಾಣಾಂಕದ ವೀರ

ಈ ಆಟದ ಹಳೆಯ ರೂಪ ಬಹು ನಿರ್ದಯವಾದದ್ದು. ಹೊಸ ಆವೃತ್ತಿಗಳಲ್ಲಿ, ಉದಾಹರಣೆಗೆ ೨೦೧೪ರದರಲ್ಲಿ, ವೀರನ ಪ್ರಾಣಾಂಕ ಸೊನ್ನೆಗೆ ಇಳಿದರೆ ಸಾಮಾನ್ಯವಾಗಿ ಮೂರ್ಛೆ ಹೋಗುತ್ತಾನೆ. ಮೂರು ಎಸೆತ ಕೆಡುವುದರೊಳಗೆ ಯಾರಾದರೂ ಬಂದು ಎಬ್ಬಿಸಬಹುದು. ಹಳೆಯ ಆಟದಲ್ಲಿ ಸೊನ್ನೆಯೆಂದರೆ ಸಾವು. ಗೈಗ್ಯಾಕ್ಸ್ ಅವರು ೧೯೭೫ರ ಒಂದು ಸ್ಪರ್ಧೆಗೆ ಬಳಸಿ, ೧೯೭೮ರಲ್ಲಿ ಅಚ್ಚುಹಾಕಿಸಿದ ‘ಟೂಂಬ್ ಆಫ್ ಹಾರರ್ಸ್’ ಎಂಬ ಸಮಾಧಿಯಲ್ಲಿ ಗೋಡೆಯ ಮೇಲೊಂದು ಹಸುರು ಪಿಶಾಚಿಯ ಮುಖವಿದೆ. ತೆರೆದ ಬಾಯೊಳಗೆ ಬರಿಯ ಕತ್ತಲು. ಕುತೂಹಲದಿಂದ ಒಳಹೊಕ್ಕವನು ಮರಳುವುದಿಲ್ಲ. ದಾಳ ಎಸೆಯುವ ಅವಕಾಶ ಕೂಡ ಅವನಿಗಿಲ್ಲ.

ಈ ಕಟುತನವನ್ನೇ ಬಯಸಿ ಹಿಂದಿರುಗಿದ ಆಟಗಾರರೂ ಇದ್ದಾರೆ. ೨೦೦೬ರಲ್ಲಿ ‘ಓಸ್ರಿಕ್’ ಎಂಬ ಹೆಸರಿನಲ್ಲಿ ಹಳೆಯ ನಿಯಮಗಳು ಮತ್ತೆ ಬೆಳಕು ಕಂಡುವು. ೧೯೮೧ರ ನಿಯಮಗಳನ್ನು ಅಚ್ಚುಕಟ್ಟಾಗಿ ಜೋಡಿಸಿದ ‘ಓಲ್ಡ್ ಸ್ಕೂಲ್ ಎಸೆನ್ಷಿಯಲ್ಸ್’ ೨೦೧೯ರಲ್ಲಿ ಬಂದಿತು. ನಾನು ಆಡುವುದು ಅದನ್ನೇ.

ಮಲ್ಲ ಹುಟ್ಟಿದ್ದು ಹೀಗೆ. ಆರು ಮುಖದ ಮೂರು ದಾಳಗಳನ್ನು ಆರು ಸಲ ಎಸೆದು, ಬಂದದ್ದನ್ನು ಬಂದ ಕ್ರಮದಲ್ಲೇ ಬರೆದುಕೊಂಡೆ. ಬಲ ೧೩, ಬುದ್ಧಿ ೯, ವಿವೇಕ ೭, ಚುರುಕು ೮, ಮೈಕಟ್ಟು ೧೧, ವರ್ಚಸ್ಸು ೧೨. (ವಿವೇಕದಲ್ಲಿ ಒಡೆಯನನ್ನೇ ಹೋತಿದ್ದ.) ಯೋಧನ ಪ್ರಾಣಾಂಕಕ್ಕೆ ಎಂಟು ಮುಖದ ದಾಳ, ಬಿದ್ದದ್ದು ಐದು. ಗಾಬ್ಲಿನ್ನನ ಕತ್ತಿಯ ಎರಡು ಏಟಿಗೆ ಮುಗಿಯುವಷ್ಟು ಆಯುಸ್ಸು. ಕೈಯಲ್ಲಿ ನೂರು ಹೊನ್ನು: ಸರಪಳಿ ಕವಚಕ್ಕೆ ನಲವತ್ತು, ಕತ್ತಿಗೆ ಹತ್ತು, ಗುರಾಣಿಗೆ ಹತ್ತು. ಮಿಕ್ಕದ್ದರಲ್ಲಿ ಪಂಜು, ಹಗ್ಗ, ಬುತ್ತಿ, ಹತ್ತಡಿಯ ಒಂದು ಗಳು. ಪಂಜು ಹಿಡಿಯಲು ಒಬ್ಬ ಕೂಲಿಯ ಹುಡುಗ.

ಪಾತಾಳದಲ್ಲಿ ಕಾಲವೇ ಮೊದಲ ಶತ್ರು. ಹತ್ತು ನಿಮಿಷಕ್ಕೆ ಒಂದು ಸುತ್ತು. ಆರು ಸುತ್ತಿಗೆ ಒಂದು ಪಂಜು ಉರಿದುಹೋಗುತ್ತದೆ. ಎರಡು ಸುತ್ತಿಗೊಮ್ಮೆ ದಾಳ ಎಸೆಯಬೇಕು. ಒಂದು ಬಿದ್ದರೆ ಕತ್ತಲಿನಿಂದ ಏನೋ ನಡೆದುಬರುತ್ತದೆ. ಬಂದದ್ದೆಲ್ಲ ಮೇಲೆ ಬೀಳುವುದಿಲ್ಲ ಎಂಬುದು ಹಳೆಯ ನಿಯಮಗಳ ಒಂದು ಸೊಗಸು. ಎರಡು ದಾಳಗಳ ಮೊತ್ತದಿಂದ ಎದುರಿನವರ ಮನಸ್ಸನ್ನು ತಿಳಿಯಬೇಕು. ಎರಡು ಬಿದ್ದರೆ ಒಡನೆಯೇ ಕಾಳಗ, ಹನ್ನೆರಡು ಬಿದ್ದರೆ ಸ್ನೇಹ. ಮೊದಲ ಇಳಿತದಲ್ಲೇ ಮಲ್ಲನಿಗೆ ನಾಲ್ವರು ಗಾಬ್ಲಿನ್ನರು ಎದುರಾದರು. ಮೊತ್ತ ಹತ್ತು ಬಂತು. ಅರ್ಧ ಬುತ್ತಿ ಕೊಟ್ಟು ದಾರಿ ಬಿಡಿಸಿಕೊಂಡ. ಬಡಿದಾಡಿ ಬರುವ ಲಾಭವಾದರೂ ಏನು? ಹೊನ್ನೊಂದಕ್ಕೆ ಅನುಭವದ ಅಂಕ ಒಂದು. ಅದೂ ಹೊನ್ನನ್ನು ಹೊತ್ತು ಜೀವಂತ ಮೇಲೆ ಬಂದರೆ ಮಾತ್ರ. ಕೊಂದದ್ದಕ್ಕೆ ಸಿಕ್ಕುವುದು ಅಲ್ಪ. ಎರಡು ಸಾವಿರ ಅಂಕವಾದರೆ ಯೋಧ ಎರಡನೆಯ ಮೆಟ್ಟಿಲು ಏರುತ್ತಾನೆ.

ಪಂಜಿನ ಹುಡುಗ ಎರಡನೆಯ ಇಳಿತದಲ್ಲಿ ಹತ್ತಡಿಯ ಗುಂಡಿಗೆ ಬಿದ್ದು ಸತ್ತ. ಅವನಿಗೆ ನಾನು ಹೆಸರನ್ನೇ ಇಟ್ಟಿರಲಿಲ್ಲ. ನೋಟ್‌ಬುಕ್ಕಿನಲ್ಲಿ “ಹುಡುಗ ಸತ್ತ, ಪಂಜು ಮಲ್ಲನ ಕೈಗೆ” ಎಂದು ಬರೆದು ಮುಂದೆ ಹೋದವನು, ಮರುದಿನ ಬಸ್ಸಿನಲ್ಲಿ ಕುಳಿತಾಗ ಅದನ್ನು ನೆನೆದು ಒಂದು ಬಗೆಯಾದೆ. ಕೇವಲ ಕಾಗದದ ಜೀವವೆಂದು ಹೇಳುವುದು ಸುಲಭ. ೧೯೮೩ರ ಕೆಂಪು ಪೆಟ್ಟಿಗೆಯ ಆವೃತ್ತಿಯಲ್ಲಿ, ಹೊಸಬರಿಗೆ ಆಟ ಕಲಿಸಲೆಂದು ಫ್ರ್ಯಾಂಕ್ ಮೆಂಟ್ಸರ್ ಬರೆದ ಒಂಟಿ ಸಾಹಸವೊಂದಿದೆ. ಅದರಲ್ಲಿ ಅಲೀನಾ ಎಂಬ ತರುಣಿ ಓದುಗನ ಗಾಯ ಮಾಯಿಸಿ, ಜೊತೆಗೂಡಿ, ಕೊನೆಗೆ ಬಾರ್ಗಲ್ ಎಂಬ ದುಷ್ಟ ಮಾಂತ್ರಿಕನ ಬಾಣಕ್ಕೆ ಬಲಿಯಾಗುತ್ತಾಳೆ. ಓದುಗ ಏನು ಮಾಡಿದರೂ ಅವಳು ಉಳಿಯುವುದಿಲ್ಲ. ಆ ಪೆಟ್ಟಿಗೆಯನ್ನು ಬಾಲ್ಯದಲ್ಲಿ ತೆರೆದವರು ಬಾರ್ಗಲ್ಲನ ಹೆಸರನ್ನು ಇಂದಿಗೂ ಹಲ್ಲು ಕಡಿದೇ ಹೇಳುತ್ತಾರೆ.

ವಾಲಿದ ದಾಳ

ಇನ್ನು ಆ ರಾತ್ರಿಯ ಸಂಗತಿ. ಮೂರು ಇಳಿತಗಳಲ್ಲಿ ಮಲ್ಲ ೧,೮೪೦ ಅಂಕ ಕೂಡಿಹಾಕಿದ್ದ. ನಾಲ್ಕನೆಯ ಸಲ ಪೂರ್ವದ ಸುರಂಗ ಹಿಡಿದು, ಕುಸಿದ ಕಮಾನಿನಾಚೆಯ ಕೋಣೆ ಹೊಕ್ಕ. ಕೋಣೆಯಲ್ಲಿ ಕಬ್ಬಿಣದ ಪಟ್ಟಿ ಬಿಗಿದ ಒಂದು ಪೆಟ್ಟಿಗೆ. ಕೊನೆಯ ಪಂಜು, ಅದಕ್ಕೆ ಎರಡು ಸುತ್ತಿನ ಆಯುಸ್ಸು. ಗಳುವಿನಿಂದ ಮೀಟಬಹುದಿತ್ತು. ಆದರೆ ಒಂದು ಸುತ್ತು ವ್ಯರ್ಥವಾದೀತೆಂದು ನಾನು ಅವಸರಪಟ್ಟೆ. ಒಂಟಿ ಆಟದಲ್ಲಿ ನನ್ನದೊಂದು ಕಟ್ಟುಪಾಡುಂಟು: ಮಾಡುವುದನ್ನು ಮೊದಲು ಬರೆಯಬೇಕು, ಆಮೇಲೆ ದಾಳ. “ಮಲ್ಲ ಕೈಯಿಂದ ಚಿಲಕ ಎತ್ತುತ್ತಾನೆ” ಎಂದು ಬರೆದೆ. ಪೆಟ್ಟಿಗೆಗೆ ಬಲೆಯುಂಟೆ ಎಂದು ಕೇಳಿದೆ. ದಾಳ ಹೌದೆಂದಿತು. ಎಂಥದು ಎಂದು ಕೋಷ್ಟಕ ನೋಡಿದರೆ, ಚಿಲಕದೊಳಗೆ ವಿಷದ ಸೂಜಿ. ಮೊದಲ ದರ್ಜೆಯ ಯೋಧ ವಿಷದಿಂದ ಬದುಕಲು ಇಪ್ಪತ್ತು ಮುಖದ ದಾಳದಲ್ಲಿ ಹನ್ನೆರಡು ಅಥವಾ ಹೆಚ್ಚು ಬೀಳಬೇಕು.

ಎಸೆದೆ. ಉರುಳಿದ ದಾಳ ನೋಟ್‌ಬುಕ್ಕಿನ ಅಂಚಿಗೆ ತಗುಲಿ, ಕೊಂಚ ವಾಲಿ ನಿಂತಿತು. ಮೇಲಿನ ಮುಖದಲ್ಲಿ ಏಳು.

ನಾಲ್ಕು ಜನರ ನಡುವೆಯಾಗಿದ್ದರೆ ಸಮಸ್ಯೆಯೇ ಇಲ್ಲ. ವಾಲಿದ ದಾಳ ಎಣಿಕೆಗಿಲ್ಲ, ಮತ್ತೆ ಎಸೆ ಎಂದು ಸೂತ್ರಧಾರ ಹೇಳುತ್ತಿದ್ದ, ಇಲ್ಲವೇ ಅದು ನೆಟ್ಟಗೇ ಇದೆ, ಸತ್ತೆ ಎನ್ನುತ್ತಿದ್ದ. ಇಲ್ಲಿ ಆರೋಪಿಯೂ ನಾನೇ, ನ್ಯಾಯಾಧೀಶನೂ ನಾನೇ. ಬಾಗಿ ನೋಡಿದೆ. ಕನ್ನಡಕ ತೆಗೆದು ನೋಡಿದೆ, ಹಾಕಿಕೊಂಡು ನೋಡಿದೆ. ವಾಲಿದೆ ಎಂದರೆ ವಾಲಿದೆ, ಇಲ್ಲವೆಂದರೆ ಇಲ್ಲ. ಮತ್ತೊಮ್ಮೆ ಎಸೆದರೆ ಸುಳ್ಳು ಎನ್ನುವವರು ಯಾರು? ಲೋಕದಲ್ಲಿ ಇದನ್ನು ಅರಿತ ಇನ್ನೊಂದು ಪ್ರಾಣಿಯಿಲ್ಲ. ಬಾಲ್ಯದ ಆ ಬೆರಳು ಮತ್ತೆ ಪುಟದ ಸಂದಿಗೆ ಹೋಗಿ ನಿಂತಿತ್ತು.

ಕೈ ದಾಳದ ಮೇಲೆಯೇ ಇತ್ತು. ಆಗ ಒಂದು ನೆನಪು ಬಂದು ಕುಟುಕಿತು. ಒಂದು ತಾಸಿನ ಹಿಂದೆ, ಕಮಾನಿನ ಬಳಿ ಜೇಡವೊಂದು ಹಾರಿದಾಗ, ಮಲ್ಲನ ಕತ್ತಿಯೇಟಿಗೆ ಎಸೆದ ದಾಳವೂ ಇದೇ ನೋಟ್‌ಬುಕ್ಕಿಗೆ ಒರಗಿ ನಿಂತಿತ್ತು. ಆಗ ಬಿದ್ದದ್ದು ಹದಿನೆಂಟು. ಅದು ವಾಲಿದೆಯೆ ಎಂದು ನಾನು ಬಾಗಿ ನೋಡಿರಲಿಲ್ಲ. “ಜೇಡ ಸತ್ತಿತು” ಎಂದು ಉತ್ಸಾಹದಿಂದ ಬರೆದಿದ್ದೆ.

ಪೆನ್ಸಿಲು ತೆಗೆದುಕೊಂಡು ಮಲ್ಲನ ಹೆಸರಿನ ಮೇಲೆ ಗೆರೆ ಎಳೆದೆ. ಎರಡನೆಯ ಮೆಟ್ಟಿಲಿಗೆ ೧೬೦ ಅಂಕ ಬಾಕಿ. ದೀಪ ಆರಿಸಿ ಮಲಗಿದರೆ ಬಹಳ ಹೊತ್ತು ನಿದ್ರೆ ಬರಲಿಲ್ಲ. “ಏನಾಯಿತು?” ಎಂದು ಮನೆಯಾಕೆ ನಿದ್ದೆಗಣ್ಣಿನಲ್ಲಿ ಕೇಳಿದಳು. “ಮಲ್ಲ ಹೋದ” ಎಂದೆ. “ಅಯ್ಯೋ, ಯಾರ ಮನೆಯವರು?” ಎಂದು ಎದ್ದು ಕುಳಿತುಬಿಟ್ಟಳು. ಅವಳಿಗೆ ವಿಷಯ ತಿಳಿಸಿ ಸಮಾಧಾನಪಡಿಸುವ ಹೊತ್ತಿಗೆ ನನ್ನ ದುಃಖವೂ ಅರ್ಧ ಇಳಿದಿತ್ತು.

ಮುಂದಿನ ಶನಿವಾರ ಮೂರು ದಾಳಗಳನ್ನು ಮತ್ತೆ ಕೈಗೆತ್ತಿಕೊಂಡೆ. ಈ ಸಲ ಬಂದವಳು ಒಬ್ಬ ಕಳ್ಳಿ, ಪ್ರಾಣಾಂಕ ಮೂರು. ಜೊತೆಗೆ ಪಂಜಿನ ಹುಡುಗನೊಬ್ಬ. ಅವನಿಗೆ ಮೊದಲೇ ಹೆಸರಿಟ್ಟೆ: ಸಿದ್ದ. ನಕ್ಷೆ ಹಳೆಯದೇ. ಕುಸಿದ ಕಮಾನಿನಾಚೆ ಮಲ್ಲ ಬಿದ್ದಲ್ಲೇ ಬಿದ್ದಿದ್ದಾನೆ, ಕತ್ತಿ, ಗುರಾಣಿಗಳ ಸಮೇತ. ಪೆಟ್ಟಿಗೆ ಇನ್ನೂ ಮುಚ್ಚಿಯೇ ಇದೆ. ಅದರೊಳಗೆ ಏನಿದೆಯೆಂದು ನನಗೂ ಗೊತ್ತಿಲ್ಲ. ಅದರ ದಾಳವನ್ನು ಇನ್ನೂ ಎಸೆದಿಲ್ಲ.