ಸೈಬರ್ ದಾಳಿ: ಎಸ್ಟೋನಿಯಾ ಕಲಿಸಿದ ಪಾಠ

ಶತ್ರು ಸೈನ್ಯ ಗಡಿ ದಾಟಿದರೆ ಕಣ್ಣಿಗೆ ಕಾಣುತ್ತದೆ. ಅಂತರ್ಜಾಲದ ಮೂಲಕ ನುಗ್ಗಿದರೆ ತಡೆಯುವುದು ಹೇಗೆ? ಸುಮಾರು 13 ಲಕ್ಷ ಜನರಿರುವ ಯುರೋಪಿನ ಪುಟ್ಟ ರಾಷ್ಟ್ರ ಎಸ್ಟೋನಿಯಾದ ಅನುಭವದಲ್ಲಿ ಇದಕ್ಕೆ ಉತ್ತರವಿದೆ.

2007ರ ಏಪ್ರಿಲ್ ಕೊನೆಯಲ್ಲಿ ರಾಜಧಾನಿ ಟ್ಯಾಲಿನ್‌ನ ನಡುವೆ ಇದ್ದ ಸೋವಿಯತ್ ಸೈನಿಕನ ಕಂಚಿನ ಪ್ರತಿಮೆಯನ್ನು ಅಲ್ಲಿನ ಸರ್ಕಾರ ಸ್ಥಳಾಂತರಿಸಿತು. ರಷ್ಯಾ ತೀವ್ರವಾಗಿ ವಿರೋಧಿಸಿತು. ಬೆನ್ನಲ್ಲೇ ಸಂಸತ್ತು, ಸಚಿವಾಲಯಗಳು, ಬ್ಯಾಂಕುಗಳು ಹಾಗೂ ಪತ್ರಿಕೆಗಳ ಜಾಲತಾಣಗಳ ಮೇಲೆ ದಾಳಿ ಆರಂಭವಾಗಿ ಸುಮಾರು ಮೂರು ವಾರ ನಡೆಯಿತು. ಜಾತ್ರೆಯ ದಿನ ಒಂದೇ ಬಸ್ಸಿನ ಬಾಗಿಲಿಗೆ ಊರೆಲ್ಲ ಮುತ್ತಿದಂತೆ, ಅಸಂಖ್ಯ ಕಂಪ್ಯೂಟರ್‌ಗಳು ಒಮ್ಮೆಲೇ ಕೋರಿಕೆ ಕಳಿಸಿ ಸರ್ವರ್‌ಗಳನ್ನು ಸ್ತಬ್ಧಗೊಳಿಸಿದವು.

ಮಾಡಿಸಿದವರು ಯಾರು? ರಷ್ಯಾ ತನ್ನ ಕೈವಾಡವನ್ನು ಅಲ್ಲಗಳೆಯಿತು. ಕೊನೆಗೆ ದಂಡ ಕಟ್ಟಿದ್ದು ಒಬ್ಬ ವಿದ್ಯಾರ್ಥಿ ಮಾತ್ರ.

ದಾಳಿಕೋರನನ್ನು ಹಿಮ್ಮೆಟ್ಟಿಸಲು ಎರಡು ದಾರಿಗಳಿವೆ. ಹೊಡೆದರೆ ತಿರುಗಿ ಹೊಡೆಯುತ್ತೇವೆ ಎಂಬ ಭಯ ಹುಟ್ಟಿಸುವುದು ಒಂದು. ಹೊಡೆದರೂ ಏನೂ ಗಿಟ್ಟದಂತೆ ಮಾಡುವುದು ಇನ್ನೊಂದು. ಹೊಡೆದವನೇ ಗೊತ್ತಿಲ್ಲದಾಗ ಮೊದಲನೆಯದಕ್ಕೆ ಬಲವಿಲ್ಲ. 2020ರಲ್ಲಿ ಎಸ್ಟೋನಿಯಾದ ಸಚಿವಾಲಯಗಳ ಮೇಲೆ ನಡೆದ ದಾಳಿಗೆ ರಷ್ಯಾದ ಸೇನಾ ಗುಪ್ತಚರ ವಿಭಾಗ ಕಾರಣವೆಂದು ಆ ದೇಶ ಬಹಿರಂಗವಾಗಿ ಹೇಳಿದ್ದು 2024ರಲ್ಲಿ!

ಆದ್ದರಿಂದ ಎಸ್ಟೋನಿಯಾ ಎರಡನೆಯ ದಾರಿಗೆ ಹೆಚ್ಚು ಒತ್ತು ಕೊಟ್ಟಿತು. ಕಂಪ್ಯೂಟರ್ ತಜ್ಞರ ಸ್ವಯಂಸೇವಕ ರಕ್ಷಣಾ ದಳ ಕಟ್ಟಿತು. ಮುಖ್ಯ ಸರ್ಕಾರಿ ದಾಖಲೆಗಳ ಪ್ರತಿಯನ್ನು ಲಕ್ಸೆಂಬರ್ಗ್‌ನಲ್ಲಿ ಇಡಲು 2017ರಲ್ಲಿ ಒಪ್ಪಂದ ಮಾಡಿಕೊಂಡಿತು. ಮೊದಲ ದಾರಿಯನ್ನೂ ಕೈಬಿಡಲಿಲ್ಲ. ಅದು ಸದಸ್ಯನಾಗಿರುವ ನ್ಯಾಟೋ, ಸೈಬರ್ ದಾಳಿಯನ್ನೂ ಎಲ್ಲ ಸದಸ್ಯರ ಮೇಲಿನ ದಾಳಿ ಎಂದು ಪರಿಗಣಿಸಬಹುದೆಂದು 2014ರಲ್ಲಿ ಸಾರಿತು.

ಪರೀಕ್ಷೆ ಬಂದದ್ದು 2022ರ ಆಗಸ್ಟ್‌ನಲ್ಲಿ. ಸೋವಿಯತ್ ಸ್ಮಾರಕಗಳನ್ನು ತೆರವುಗೊಳಿಸಿದಾಗ 2007ರ ನಂತರದ ಅತಿ ವ್ಯಾಪಕ ದಾಳಿ ನಡೆಯಿತು. ಕೆಲವು ತಾಣಗಳಿಗೆ ಅಲ್ಪಕಾಲ ಅಡಚಣೆಯಾದದ್ದು ಬಿಟ್ಟರೆ ಜನರಿಗೆ ಅದು ಗೊತ್ತೇ ಆಗಲಿಲ್ಲ.

ಇದರಲ್ಲಿ ನಮಗೇನು ಎನ್ನಬೇಡಿ. 2007ರ ದಾಳಿಗೆ ಬಳಕೆಯಾದ ಕಂಪ್ಯೂಟರ್‌ಗಳಲ್ಲಿ ಹಲವು, ಬೇರೆ ಬೇರೆ ದೇಶಗಳ ಸಾಮಾನ್ಯ ಜನರವು. ವೈರಸ್ ಹೊಕ್ಕಿದ್ದ ಆ ಯಂತ್ರಗಳು ಯಜಮಾನನಿಗೆ ತಿಳಿಯದೆ ಪರರ ಆಜ್ಞೆ ಪಾಲಿಸಿದ್ದವು. ನಮ್ಮ ಮನೆಯ ಕಂಪ್ಯೂಟರ್, ಮೊಬೈಲ್‌ಗಳಿಗೂ ಆ ಗತಿ ಬರಬಹುದು. ಕಾಲಕಾಲಕ್ಕೆ ಅಪ್‌ಡೇಟ್ ಮಾಡಿ, ಪಾಸ್‌ವರ್ಡ್ ಗಟ್ಟಿಯಾಗಿಡಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವೇನು?