ಮಾಳಿಗೆಯಿಂದ ಮಹಡಿವರೆಗೆ

ತೆಲಂಗಾಣದ ಮಹಬೂಬನಗರದಿಂದ ಕರ್ನಾಟಕದ ರಾಯಚೂರಿಗೆ ಹೊರಟ ಬಸ್ಸು ದೇವರಕದ್ರ ದಾಟಿ ಮರಿಕಲ್ ಕ್ರಾಸಿಗೆ ಬಂದು ನಿಂತರೆ ಇಳಿಯುವವರ ನೂಕುನುಗ್ಗಲು. ನಾರಾಯಣಪೇಟೆಯವರು ಇಲ್ಲಿಂದ ಧನ್ವಾಡದ ದಾರಿ ಹಿಡಿಯಬೇಕು, ಆತ್ಮಕೂರಿನವರು ಇನ್ನೊಂದು ದಿಕ್ಕಿಗೆ. ಮಕ್ತಲ್, ಕೃಷ್ಣಾ ಕಡೆಯವರು ಬಸ್ಸಿನಲ್ಲೇ ಕೂತಿರುತ್ತಾರೆ. ಚಹಾದ ಅಂಗಡಿಯ ಬೆಂಚಿನ ಮೇಲೆ ತೆಲುಗು, ಕನ್ನಡ, ಉರ್ದು ಮೂರೂ ಒಂದೇ ಮಾತಿನಲ್ಲಿ ಬೆರೆತು ಬರುತ್ತವೆ. ಮಳೆ, ಭತ್ತದ ರೇಟು, ತೊಗರಿ ರೇಟು ಮುಗಿದ ಮೇಲೆ ಮಾತು ತಿರುಗುವುದು ಜಾಗದ ಕಡೆಗೆ. ‘ರೋಡಿನ ಮ್ಯಾಲಿಂದು ಗಜಕ್ಕ ಎಷ್ಟು ನಡದೈತಿ ಅಣ್ಣಾ?’ ಅಂತ ಒಬ್ಬ ಕೇಳಿದರೆ ಸುತ್ತಲಿನ ನಾಲ್ಕು ಜನ ನಾಲ್ಕು ರೇಟು ಹೇಳುತ್ತಾರೆ.

ಇಲ್ಲಿ ಎಲ್ಲವೂ ಗಜದ ಲೆಕ್ಕ. ಒಂದು ಚದರ ಗಜವೆಂದರೆ ಒಂಬತ್ತು ಚದರಡಿ. ರಾಯಚೂರಿನ ನೆಂಟರು ಮೂವತ್ತು-ನಲವತ್ತರ ಸೈಟು ಅಂದಾಗ ಈ ಕಡೆಯವರು ಕ್ಷಣ ಯೋಚಿಸಿ ‘ಅಂದ್ರ ನೂರಾ ಮೂವತ್ಮೂರು ಗಜ’ ಎಂದು ತಮ್ಮ ಅಳತೆಗೆ ಹೊಂದಿಸಿಕೊಳ್ಳುತ್ತಾರೆ. ಗಡಿಯ ಆಚೆ ಈಚೆ ಹೆಣ್ಣು ಕೊಟ್ಟು ತಂದವರ ಮನೆಗಳಲ್ಲಿ ಈ ಗುಣಾಕಾರ ಎಲ್ಲರಿಗೂ ಬಾಯಿಪಾಠ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರು ಜಿಲ್ಲೆ ಮೈಸೂರಿಗೆ ಸೇರಿತು. ಅದರೊಳಗಿದ್ದ ಗದ್ವಾಲ, ಆಲಂಪುರ ತಾಲ್ಲೂಕುಗಳು ಮಾತ್ರ ಆಂಧ್ರದ ಪಾಲಾದವು. ನೆಂಟಸ್ತಿಕೆ ಮುಂದುವರಿಯಿತು. ಮನೆ ಕೊಳ್ಳುವ, ಮಾರುವ ಕಾನೂನುಗಳು ಮಾತ್ರ ಎರಡು ದಾರಿ ಹಿಡಿದವು.

ದೊಡ್ಡ ನಗರಗಳ ಮನೆ ಮಾರಾಟದ ಕೋಷ್ಟಕಗಳನ್ನು ಪತ್ರಿಕೆಗಳಲ್ಲಿ ನೋಡುತ್ತೇವೆ. ಹೈದರಾಬಾದಿನ ನೋಂದಣಿಗಳನ್ನು 25 ಲಕ್ಷದೊಳಗೆ, 25ರಿಂದ 50, 50ರಿಂದ 75, ಕೋಟಿಯವರೆಗೆ, ಕೋಟಿಯಿಂದಾಚೆ ಎಂದು ಬೇರ್ಪಡಿಸಿ ಬರೆದಿರುತ್ತಾರೆ. ನೈಟ್ ಫ್ರಾಂಕ್ ಸಂಸ್ಥೆಯ ವರದಿಯಂತೆ 2024ರ ಮೊದಲ ಆರು ತಿಂಗಳಲ್ಲಿ ದೇಶದ ಎಂಟು ದೊಡ್ಡ ನಗರಗಳಲ್ಲಿ ಮಾರಾಟವಾದ ಮನೆಗಳ ಪೈಕಿ ಶೇ 41ರಷ್ಟು ಒಂದು ಕೋಟಿ ಅಥವಾ ಅದಕ್ಕೂ ಮೇಲಿನವು. ಹಿಂದಿನ ವರ್ಷ ಇದೇ ಅವಧಿಯಲ್ಲಿ ಆ ಪಾಲು ಶೇ 30 ಇತ್ತು. ಅಗ್ಗದ ಮನೆಗಳ ಪಾಲು ಕುಗ್ಗುತ್ತಿದೆ, ದುಬಾರಿ ಮನೆಗಳದ್ದು ಹಿಗ್ಗುತ್ತಿದೆ. ಮರಿಕಲ್‌ನಂಥ ಊರಿಗೆ ಇಂಥ ಕೋಷ್ಟಕವನ್ನು ಯಾರೂ ಮಾಡಿಲ್ಲ. ಆದರೆ ಹೆದ್ದಾರಿಯಿಂದ ಊರೊಳಗೆ ಹತ್ತು ನಿಮಿಷ ನಡೆದರೆ ಎಲ್ಲ ದರ್ಜೆಗಳೂ ಒಂದರ ಹಿಂದೊಂದು ಕಣ್ಣಿಗೇ ಬೀಳುತ್ತವೆ.

ಹೆದ್ದಾರಿಗೆ ಮುಖ ಮಾಡಿದ್ದು ಕೆಳಗೆ ಅಂಗಡಿ, ಮೇಲೆ ವಾಸ. ಸಿಮೆಂಟು, ಗೊಬ್ಬರ, ಮೊಬೈಲಿನ ಶಟರುಗಳು. ಪಕ್ಕದಲ್ಲಿ ಹತ್ತುವ ಮೆಟ್ಟಿಲು. ಮೇಲೆ ಸ್ಟೀಲಿನ ಕಟಕಟೆ. ಇವುಗಳ ಹಿಂದಿನ ಓಣಿಗಳಲ್ಲಿ ಒಂದು ಅಂತಸ್ತಿನ ಸ್ಲ್ಯಾಬಿನ ಮನೆಗಳು. ಮುಂದೊಂದು ದಿನ ಮಹಡಿ ಎಬ್ಬಿಸುವ ಆಸೆಯಿಂದ ಪಿಲ್ಲರಿನ ಕಬ್ಬಿಣದ ಸಲಾಕೆಗಳನ್ನು ಛತ್ತಿನ ಮೇಲೆ ಹಾಗೇ ಬಿಟ್ಟಿರುತ್ತಾರೆ. ಅವುಗಳಿಗೆ ತುಕ್ಕು ಹಿಡಿದು, ಈಗ ಬಟ್ಟೆ ಒಣಹಾಕುವ ಹಗ್ಗ ಕಟ್ಟಿರುತ್ತದೆ. ಇನ್ನೂ ಒಳಗೆ, ಹನುಮಂತನ ಗುಡಿಯ ಸುತ್ತ, ಹಳೆಯ ಊರು. ಅಲ್ಲಿ ಮಾಳಿಗೆ ಮನೆಗಳು.

ಮಾಳಿಗೆ ಮನೆಯ ಒಳಗೆ ಹೋಗಬೇಕಾದರೆ ತಲೆ ಬಗ್ಗಿಸಬೇಕು. ಎರಡು ಮೊಳ ದಪ್ಪದ ಕಲ್ಲು-ಮಣ್ಣಿನ ಗೋಡೆ, ಅಡ್ಡತೊಲೆ, ಜಂತಿ, ಅದರ ಮೇಲೆ ಕಟ್ಟಿಗೆ ಹಾಸಿ ಮಣ್ಣು ಮೆತ್ತಿದ ಛಾವಣಿ. ನಡುವೆ ಒಂದು ಬೆಳಕಿಂಡಿ. ಮಳೆ ಬಂದಾಗ ಮುಚ್ಚಲು ಅದರ ಮೇಲೊಂದು ತಗಡು. ನೆಲಕ್ಕೆ ತಾಂಡೂರು ಕಲ್ಲು, ಇಲ್ಲವೆ ಸೆಗಣಿ ಸಾರಿಸಿದ ಮಣ್ಣು. ಬೇಸಿಗೆಯಲ್ಲಿ ಈ ಮನೆಯಷ್ಟು ತಂಪು ಊರಲ್ಲಿ ಇನ್ಯಾವುದೂ ಇರುವುದಿಲ್ಲ. ಆದರೆ ಮಾರಲು ನಿಂತಾಗ ಗೋಡೆಗಾಗಲಿ ತೊಲೆಗಾಗಲಿ ಬೆಲೆ ಕಟ್ಟುವವರಿಲ್ಲ. ಎಷ್ಟು ಗಜ ಜಾಗ, ಓಣಿಗೆ ಟ್ರ್ಯಾಕ್ಟರು ಬರುತ್ತದೆಯೋ ಇಲ್ಲವೋ, ಬಾಗಿಲು ಮೂಡಲಿಗೋ ತೆಂಕಲಿಗೋ, ಎದುರಿನ ಬೀದಿ ನೇರ ಬಾಗಿಲಿಗೆ ಬಂದು ಬಡಿಯುತ್ತದೋ ಹೇಗೆ ಎಂಬುದಷ್ಟೇ ಪ್ರಶ್ನೆ. ಬೀದಿ ಬಡಿಯುವ ಮನೆಗೆ ಗಿರಾಕಿ ಸಿಕ್ಕರೂ ರೇಟು ಕೆಳಗಿಳಿಯುತ್ತದೆ.

ಕೆಳಗಿನ ಈ ದರ್ಜೆಯಲ್ಲಿ ಮನೆ ಮಾರಾಟವಾಗುವುದು ಹೆಚ್ಚಾಗಿ ಅಡಚಣೆಯಿಂದ. ಮಗಳ ಮದುವೆ, ಆಸ್ಪತ್ರೆಯ ಬಿಲ್ಲು, ನೀರು ಬೀಳದ ಬೋರಿನ ಸಾಲ, ಅಣ್ಣತಮ್ಮಂದಿರ ಪಾಲು. ಕೊಳ್ಳುವವರೂ ದೂರದವರಲ್ಲ: ಪಕ್ಕದ ಗೋಡೆಯವರು, ದಾಯಾದಿ, ಸೋದರಮಾವ. ಬೋರ್ಡು ಹಾಕುವುದಿಲ್ಲ, ದಲಾಲಿಯನ್ನೂ ಕರೆಯುವುದಿಲ್ಲ. ಶೂನ್ಯಮಾಸ ಕಳೆದ ಮೇಲೆ ಒಳ್ಳೆಯ ದಿನ ನೋಡಿ ಹಿರಿಯರ ಮುಂದೆ ಬಯಾನಾ ಕೊಡುತ್ತಾರೆ, ಉಳಿದ ಹಣಕ್ಕೆ ವಾಯಿದೆ ಹೇಳುತ್ತಾರೆ. ಬಾಂಡ್ ಪೇಪರಿನ ಮೇಲೆ, ಕೆಲವೊಮ್ಮೆ ಬರೀ ಬಿಳಿ ಹಾಳೆಯ ಮೇಲೆ, ನಾಲ್ಕು ಗಡಿ ಬರೆದು ಸಾಕ್ಷಿಗಳ ಸಹಿ, ಹೆಬ್ಬೆಟ್ಟು ಹಾಕಿಸುತ್ತಾರೆ. ಇದೇ ಸಾದಾ ಬೈನಾಮಾ. ಪಂಚಾಯಿತಿಯ ಮನೆ ತೆರಿಗೆ ರಸೀದಿಯಲ್ಲಿ ಹೆಸರು ಬದಲಾದರೆ ಕೆಲಸ ಮುಗಿಯಿತೆಂದೇ ಎಲ್ಲರ ನಂಬಿಕೆ.

ಕಾನೂನಿನ ಪ್ರಕಾರ ಅಲ್ಲಿಗೆ ಕೆಲಸ ಮುಗಿದಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಮು ನೂರು ರೂಪಾಯಿ ಮತ್ತು ಅದಕ್ಕೂ ಹೆಚ್ಚಿನ ಬೆಲೆಯ ಸ್ಥಿರಾಸ್ತಿಯನ್ನು ನೋಂದಾಯಿತ ಪತ್ರದ ಮೂಲಕವೇ ಮಾರಬೇಕೆನ್ನುತ್ತದೆ. ನೂರು ರೂಪಾಯಿಯ ಆ ಗೆರೆ ಇವತ್ತಿಗೂ ಅಲ್ಲೇ ಇದೆ. ಬರೀ ಕರಾರುಪತ್ರ, ಜಿಪಿಎ ಎಂಬ ಮುಖ್ತಿಯಾರ್ ಪತ್ರಗಳಿಂದ ಮಾಲೀಕತ್ವ ಬರುವುದಿಲ್ಲವೆಂದು 2011ರಲ್ಲಿ ಸುಪ್ರೀಂ ಕೋರ್ಟು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಹಾಗಾಗಿ ಇಂಥ ಮನೆಯಲ್ಲಿ ಮೂವತ್ತು ವರ್ಷ ಬಾಳಿದವರೂ ಮಾರಿದವನ ಮೊಮ್ಮಗ ಬಂದು ತಕರಾರು ತೆಗೆದರೆ ಬೆವರುತ್ತಾರೆ. ನೋಂದಣಿಯ ಅಂಕಿಗಳನ್ನೇ ನೋಡಿ ಮಾರುಕಟ್ಟೆ ಅಳೆಯುವವರ ಕಣ್ಣಿಗೆ ಈ ಮಾರಾಟಗಳು ಬೀಳುವುದೇ ಇಲ್ಲ.

ಹಾಗಾದರೆ ರಿಜಿಸ್ಟ್ರಿ ಯಾಕೆ ಮಾಡಿಸುವುದಿಲ್ಲ? ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ತೆಲಂಗಾಣದಲ್ಲಿ 2021ರ ಜುಲೈನಿಂದ ಮುದ್ರಾಂಕ ಶುಲ್ಕ ಶೇ 5.5, ವರ್ಗಾವಣೆ ಸುಂಕ ಶೇ 1.5, ನೋಂದಣಿ ಶುಲ್ಕ ಶೇ 0.5, ಒಟ್ಟು ಶೇ 7.5. ಅದಕ್ಕೂ ಮೊದಲು ಆರು ಇತ್ತು. ಹೈದರಾಬಾದಿನ ಎರಡು ಕೋಟಿಯ ಫ್ಲಾಟಿಗೂ ಇಲ್ಲಿನ ಆರು ಲಕ್ಷದ ಮನೆಗೂ ಅದೇ ದರ. ಆರು ಲಕ್ಷಕ್ಕೆ 45,000 ರೂಪಾಯಿ ಆಯಿತು. ಎರಡು ಕೋಟಿಯವನು ಶುಲ್ಕವನ್ನೂ ಮೊದಲೇ ಲೆಕ್ಕಕ್ಕೆ ಹಿಡಿದಿರುತ್ತಾನೆ. ಆರು ಲಕ್ಷದವನು ಅಷ್ಟು ಹಣವನ್ನು ಹೊಂದಿಸುವಷ್ಟರಲ್ಲೇ ಸೋತಿರುತ್ತಾನೆ. ಮೇಲಿನ ನಲವತ್ತೈದು ಸಾವಿರದಲ್ಲಿ ಕಿಟಕಿ ಬಾಗಿಲು ಇಡಿಸಬಹುದಲ್ಲ ಎಂದು ಅವನಿಗೆ ಅನಿಸಿದರೆ ಅವನನ್ನು ದೂರುವಂತಿಲ್ಲ. ಕರ್ನಾಟಕದಲ್ಲಿ ಮೊದಲ ಬಾರಿ ನೋಂದಣಿಯಾಗುವ ಫ್ಲಾಟುಗಳಿಗಾದರೂ 20 ಲಕ್ಷದವರೆಗೆ ಶೇ 2, 45 ಲಕ್ಷದವರೆಗೆ ಶೇ 3 ಎಂಬ ಇಳಿಕೆಯ ಮುದ್ರಾಂಕ ದರಗಳಿವೆ. ಅದೂ ಫ್ಲಾಟಿಗೆ ಸಿಕ್ಕ ಲಾಭ; ರಾಯಚೂರು ಜಿಲ್ಲೆಯ ದೇವದುರ್ಗದ ಮಾಳಿಗೆ ಮನೆಗೆ ಅದರಿಂದ ಏನೂ ಸಿಗಲಿಲ್ಲ. ಬೆಲೆ ಕಡಿಮೆಯಾದಷ್ಟೂ ದರ ಕಡಿಮೆ ಎಂಬ ನ್ಯಾಯ ಹಳೆಯ ಮನೆಗಳಿಗೂ ಬರಬೇಕು, ಎರಡೂ ರಾಜ್ಯಗಳಲ್ಲಿ.

ಕಾಗದ ಇಲ್ಲದ ಮನೆಯನ್ನು ಬ್ಯಾಂಕು ಮುಟ್ಟುವುದಿಲ್ಲ. ಲಿಂಕ್ ಡಾಕ್ಯುಮೆಂಟು ಎಲ್ಲಿ, ಋಣಭಾರ ಪತ್ರ (ಇಸಿ) ಎಲ್ಲಿ ಎಂದು ಕೇಳುತ್ತದೆ. ಆಗ ಉಳಿಯುವುದು ಊರ ಸಾಲ, ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ, ಮೂರು ರೂಪಾಯಿ. ಬಾಯಲ್ಲಿ ಹೇಳುವಾಗ ಇದು ಸಣ್ಣದಾಗಿ ಕೇಳಿಸುತ್ತದೆ. ವರ್ಷದ ಲೆಕ್ಕದಲ್ಲಿ ಅದು ಶೇ 24, ಶೇ 36. ಅತ್ತ ಕೋಟಿಯ ಫ್ಲಾಟಿಗೆ ಗೃಹಸಾಲ ಸಿಗುವುದು ಇದರ ಅರ್ಧಕ್ಕಿಂತಲೂ ಕಡಿಮೆ ಬಡ್ಡಿಗೆ. ಎಲ್ಲಕ್ಕಿಂತ ಅಗ್ಗದ ಮನೆ ಕೊಳ್ಳುವವನಿಗೇ ಎಲ್ಲಕ್ಕಿಂತ ದುಬಾರಿ ಸಾಲ. ಈ ಊರುಗಳಲ್ಲಿ ನೋಡಿದ್ದರಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದೇ.

ನಡುವಿನ ದರ್ಜೆಯ ಸ್ಲ್ಯಾಬಿನ ಮನೆಗಳ ಕಥೆ ಬೇರೆ. ಅವುಗಳ ಹಿಂದೆ ಇರುವುದು ಪಾಲಮೂರು, ಅಂದರೆ ಮಹಬೂಬನಗರ ಸೀಮೆಯ, ಲೇಬರಿನ ಬೆವರು. ಈ ಸೀಮೆಯ ಜನ ತಲೆಮಾರುಗಳಿಂದ ಮುಂಬೈ, ಪುಣೆ, ಬೆಂಗಳೂರು, ಹೈದರಾಬಾದುಗಳಿಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಾರೆ. ಗಂಡಹೆಂಡಿರಿಬ್ಬರೂ ಸೈಟಿನ ತಗಡಿನ ಶೆಡ್ಡಿನಲ್ಲಿ ಇದ್ದು, ವರ್ಷದ ಕೊನೆಗೆ ಉಳಿಸಿ ತಂದದ್ದರಲ್ಲಿ ಒಂದು ವರ್ಷ ಬುನಾದಿ, ಮರುವರ್ಷ ಗೋಡೆ, ಅದರ ಮರುವರ್ಷ ಸ್ಲ್ಯಾಬು. ಸೆಂಟ್ರಿಂಗಿನವರೂ ಗೌಂಡಿಗಳೂ ಬಳಗದವರೇ ಆದ್ದರಿಂದ ಕೂಲಿ ಉಳಿಯುತ್ತದೆ. ಇಂಥ ಮನೆ ಮಾರಾಟಕ್ಕೆ ಬರುವುದು ಅಪರೂಪ. ಬೀಗ ಹಾಕಿ ಮತ್ತೆ ದುಡಿಯಲು ಹೋಗುತ್ತಾರೆಯೇ ಹೊರತು ಮಾರುವುದಿಲ್ಲ. ಹಬ್ಬಕ್ಕೆ, ಜಾತ್ರೆಗೆ ಬಂದು ಬಾಗಿಲು ತೆಗೆಯಲು ಊರಲ್ಲೊಂದು ಸ್ವಂತದ್ದು ಬೇಕು. ಮಾರಾಟಕ್ಕೆ ಬಂದದ್ದು ಎಲ್ಲಾದರೂ ಇದ್ದರೆ ಅದು ನೌಕರರದ್ದು: ವರ್ಗವಾಗಿ ಹೋದ ಮೇಷ್ಟ್ರು, ಮಕ್ಕಳ ಓದಿಗೆಂದು ಮಹಬೂಬನಗರಕ್ಕೆ ಮನೆ ಬದಲಿಸಿದ ಗುಮಾಸ್ತರು. ಅವುಗಳಿಗೆ ಕಾಗದಪತ್ರ ಸರಿಯಾಗಿರುತ್ತದೆ, ಬ್ಯಾಂಕು ಸಾಲ ಕೊಡುತ್ತದೆ, ವ್ಯವಹಾರ ಬೇಗ ಮುಗಿಯುತ್ತದೆ.

ನಾರಾಯಣಪೇಟೆಗೆ ಹೋದರೆ ಇನ್ನೊಂದು ಬಗೆಯ ಮನೆ ಕಾಣುತ್ತದೆ, ನೇಕಾರರದ್ದು. ಪಡಸಾಲೆಯ ಅರ್ಧ ಜಾಗ ಮಗ್ಗದ್ದೇ. ನೆಲದಲ್ಲಿ ಮೊಣಕಾಲುದ್ದ ಗುಂಡಿ, ಅದರೊಳಗೆ ಕಾಲುಮಣೆ, ಗುಂಡಿಯ ಅಂಚಿನ ಕಲ್ಲು ತಲೆಮಾರುಗಳು ಕೂತು ಕೂತು ಗಾಜಿನಂತೆ ನುಣುಪಾಗಿದೆ. ಅಂಚಿನಲ್ಲಿ ಗುಡಿಗೋಪುರದ ಕುಸುರಿ ಇರುವ, ಭೌಗೋಳಿಕ ಗುರುತು ಪಡೆದ ನಾರಾಯಣಪೇಟೆ ಸೀರೆ ಹುಟ್ಟುವುದು ಇಂಥ ಕೋಣೆಗಳಲ್ಲಿ. ಮನೆ ಮಾರಾಟವಾದರೆ ಕೊಂಡವನು ಮೊದಲು ಮಾಡುವ ಕೆಲಸ ಆ ಗುಂಡಿಗೆ ಮೊರಂ ತುಂಬಿಸಿ ಟೈಲ್ಸ್ ಹಾಕಿಸುವುದು. ಮಾರಿದವನು ಬಾಡಿಗೆ ಮನೆಗೆ ಹೋದರೆ ಅಲ್ಲಿ ಗುಂಡಿ ತೋಡಲು ಮಾಲೀಕ ಒಪ್ಪಬೇಕಲ್ಲ. ಮನೆಯ ಜೊತೆ ಕಸುಬಿನ ಜಾಗವೂ ಹೋಗುತ್ತದೆ. ಕ್ರಯಪತ್ರದಲ್ಲಿ ಬರುವುದು ಗಜ ಮತ್ತು ಚೆಕ್ಕುಬಂದಿ ಮಾತ್ರ.

2019ರ ಫೆಬ್ರುವರಿ 17ರಂದು ನಾರಾಯಣಪೇಟೆ ಜಿಲ್ಲೆಯಾಯಿತು. ಕಲೆಕ್ಟರ್ ಕಚೇರಿ, ಎಸ್‌ಪಿ ಕಚೇರಿ ಬಂದವು, ಬಾಡಿಗೆ ಮನೆಗಳಿಗೆ ಗಿರಾಕಿ ಹುಟ್ಟಿದರು. ಅದಕ್ಕೂ ಮುಂಚೆ 2016ರಲ್ಲಿ ಗದ್ವಾಲ ಜಿಲ್ಲೆಯಾದಾಗ ರಾಜ ಸೋಮನಾದ್ರಿಯ ಕೋಟೆಯ ಆಸುಪಾಸಿನ ಹಳೆಯ ಪೇಟೆ ಬಿಟ್ಟು ಹೊರರಸ್ತೆಗಳ ಕಡೆಗೆ ಊರು ಸರಿಯಿತು. ಹೊಲಗಳಲ್ಲಿ ಕಮಾನು ಎದ್ದವು, ಬಣ್ಣದ ಬಾವುಟ ಹಾರಿದವು, ಸುಣ್ಣ ಬಳಿದ ಗಡಿಕಲ್ಲುಗಳು ಸಾಲಾಗಿ ನಿಂತವು. ಇಂಥ ಲೇಔಟುಗಳನ್ನು ಇಲ್ಲಿ ವೆಂಚರ್ ಅನ್ನುತ್ತಾರೆ. ಮೂಡಣ ದಿಕ್ಕಿನ ಪ್ಲಾಟಿಗೆ ಒಂದು ರೇಟು, ಮೂಲೆಯದಕ್ಕೆ ಇನ್ನೊಂದು. ಇಲ್ಲಿ ಕೊಳ್ಳುವವರಲ್ಲಿ ಬಹಳ ಮಂದಿ ಮನೆ ಕಟ್ಟುವ ಅವಸರದವರಲ್ಲ. ಮಗಳ ಮದುವೆಗೆಂದು ಒಂದು, ಮುಂದೆ ರೇಟು ಏರಲೆಂದು ಒಂದು ಹಿಡಿದಿಟ್ಟವರು. ಅನುಮತಿಯಿಲ್ಲದ ಲೇಔಟುಗಳ ಪ್ಲಾಟುಗಳ ನೋಂದಣಿಯನ್ನು ಸರ್ಕಾರ 2020ರ ಆಗಸ್ಟ್ 26ರಂದು ನಿಲ್ಲಿಸಿ ಸಕ್ರಮದ ಅರ್ಜಿ ಕರೆದಾಗ ರಾಜ್ಯದಲ್ಲಿ 25 ಲಕ್ಷಕ್ಕೂ ಹೆಚ್ಚು ಅರ್ಜಿ ಬಂದವು. ಒಂದೊಂದು ಅರ್ಜಿಗೆ ಸಾವಿರ ರೂಪಾಯಿ ಕಟ್ಟಿ, ಆಮೇಲೆ ವರ್ಷಗಟ್ಟಲೆ ಕಾದವರಲ್ಲಿ ಸಣ್ಣ ರೈತರು, ಮೇಷ್ಟ್ರುಗಳು, ಕಿರಾಣಿಯವರು ಎಷ್ಟೋ ಮಂದಿ.

ಕೃಷ್ಣಾ, ಮಾಗನೂರು ಕಡೆ ಕನ್ನಡ ಶಾಲೆಗಳಿರುವ ಹಳ್ಳಿಗಳಲ್ಲಿ ಈ ಭರಾಟೆ ತಡವಾಗಿ ಬಂತು. 2023ರ ಅಕ್ಟೋಬರ್ 1ರಂದು ಜಕ್ಲೇರ್–ಕೃಷ್ಣಾ ರೈಲುಮಾರ್ಗ ಲೋಕಾರ್ಪಣೆಯಾಗಿ ಕಾಚಿಗುಡ–ರಾಯಚೂರು ರೈಲು ಹೊರಟ ಮೇಲೆ ಸ್ಟೇಷನ್ನು ಹತ್ತಿರ ಎಂಬ ಮಾತೂ ರೇಟಿನಲ್ಲಿ ಸೇರಿಕೊಂಡಿದೆ.

ಎಲ್ಲಕ್ಕಿಂತ ಮೇಲಿನ ದರ್ಜೆ, ಹೆದ್ದಾರಿಯ ಮಹಡಿ ಮನೆಗಳದ್ದು, ಮಾರುಕಟ್ಟೆಗೆ ಬರುವುದೇ ಇಲ್ಲ ಎನ್ನಬಹುದು. ಕೆಳಗಿನ ಅಂಗಡಿಗಳಿಂದ ತಿಂಗಳು ತಿಂಗಳು ಬಾಡಿಗೆ ಬರುವಾಗ ಯಾಕೆ ಮಾರಬೇಕು? ನಗರದಲ್ಲಿ ಕೋಟಿಯ ಮನೆಗಳೇ ಹೆಚ್ಚೆಚ್ಚು ಕೈ ಬದಲಾಯಿಸುತ್ತಿದ್ದರೆ, ಇಲ್ಲಿ ಕೈ ಬದಲಾಯಿಸುವುದು ಕೆಳಗಿನ ಮಾಳಿಗೆ ಮನೆಗಳು ಮತ್ತು ಖಾಲಿ ಪ್ಲಾಟುಗಳು.

ಈಗ ಆ ಮಾಳಿಗೆಗಳ ಜಾಗಕ್ಕೇ ಹೊಸ ಲೆಕ್ಕ ಶುರುವಾಗಿದೆ. 2025ರ ಫೆಬ್ರುವರಿ 21ರಂದು ನಾರಾಯಣಪೇಟೆ ಹತ್ತಿರದ ಅಪ್ಪಕಪಲ್ಲಿಯಲ್ಲಿ ಮುಖ್ಯಮಂತ್ರಿ ರೇವಂತ ರೆಡ್ಡಿ ಇಂದಿರಮ್ಮ ಯೋಜನೆಯ ಮನೆಗಳಿಗೆ ಅಡಿಗಲ್ಲು ಹಾಕಿದರು. ಸ್ವಂತ ಜಾಗ ಇರುವ ಬಡವರಿಗೆ ಐದು ಲಕ್ಷ, ನಾಲ್ಕು ಕಂತಿನಲ್ಲಿ: ಬುನಾದಿಗೆ ಒಂದು, ಗೋಡೆಗೆ ಒಂದೂಕಾಲು, ಸ್ಲ್ಯಾಬಿಗೆ ಒಂದೂಮುಕ್ಕಾಲು, ಮುಗಿದ ಮೇಲೆ ಒಂದು ಲಕ್ಷ. ಕಡಿಮೆಯೆಂದರೂ 400 ಚದರಡಿ ಮನೆ ಬೇಕು. ಸ್ವಂತ ಜಾಗವೇ ಇಲ್ಲದವರು ಈಗ ಹಳೆಯ ಊರಿನ ಬಿದ್ದ ಮಾಳಿಗೆಗಳ ಅರವತ್ತು, ಎಪ್ಪತ್ತು ಗಜದ ತುಂಡುಗಳನ್ನು ಕೇಳಿಕೊಂಡು ಬರುತ್ತಾರೆ. ಜಾಗ ಇರುವವರು ಅಜ್ಜನ ಕಾಲದ ಬೈನಾಮಾ ಹಾಳೆಯನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು ಪಂಚಾಯಿತಿ ಸೆಕ್ರೆಟರಿಯ ಮೇಜಿನ ಮೇಲೆ ಬಿಡಿಸಿ ಇಡುತ್ತಾರೆ. ನಾಲ್ಕು ಗಡಿಯಲ್ಲಿ ಮೂರು ಗಡಿಯವರು ಈಗ ಇಲ್ಲ. ಆ ಹಾಳೆಯನ್ನು ಒಪ್ಪಿ, ಊರಲ್ಲೇ ಅಳತೆ ಮಾಡಿ, ಹಗುರವಾದ ಶುಲ್ಕಕ್ಕೆ ರಿಜಿಸ್ಟ್ರಿ ಮಾಡಿಕೊಡುವ ಒಂದು ಏರ್ಪಾಡು ಆದರೆ ಐದು ಲಕ್ಷದ ಮನೆ ಅವರ ಹೆಸರಿನಲ್ಲೇ ಏಳುತ್ತದೆ, ನಾಳೆ ಬ್ಯಾಂಕಿನ ಬಾಗಿಲೂ ತೆರೆಯುತ್ತದೆ.